ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಯಾಕ ಹತ್ತತೈತಿ?

ಸಂಡೂರು ರೋಡ್:
ಹಳೇ ಹ್ಯಾಚ್‌ಬ್ಯಾಕ್. ಬಲಗಡೆ ಬ್ರೇಕ್ ಲೈಟ್ ಮಂದ, ಪೆಡಲ್ ಒತ್ತಿದಾಗ ಅದೇ ಕಡಿ ಇಂಡಿಕೇಟರೂ ಸಣ್ಣಗೆ ಹತ್ತತೈತಿ. ಎಡಗಡೆದು, ಗಾಜಿನ ಮ್ಯಾಲಿಂದು ಸರಿ ಅದಾವ. ಹೊಸ ಬಲ್ಬ್ ಹಾಕಿದ್ರೂ ಫರಕಿಲ್ಲ. ಪೆಡಲ್ ಸ್ವಿಚ್ ಬದಲಿಸಬೇಕಂತ ಮೆಕ್ಯಾನಿಕ್ ಅಂತಾರ. ಹೌದೇನ್ರಿ?

ಮೋಕಾ ರೋಡ್ ವೈರಿಂಗ್:
ಸ್ವಿಚ್ ಮುಟ್ಟಬ್ಯಾಡ್ರಿ. ಮೂರೂ ಲೈಟಿಗೆ ಸ್ವಿಚ್ ಒಂದ, ಎರಡು ಸರಿ ಹತ್ತತಾವ ಅಂದಮ್ಯಾಲೆ ಅದರ ತಪ್ಪಿಲ್ಲ. ಬಲಗಡೆ ಲ್ಯಾಂಪಿನ ಅರ್ತ್ (ಕರೆಂಟ್ ಗಾಡಿ ಬಾಡಿಗೆ ವಾಪಸ್ ಹೋಗೋ ವೈರ್) ಹೋಗೈತಿ. ಬ್ರೇಕ್ ಫಿಲಮೆಂಟಿಗೆ ಬಂದ ಕರೆಂಟಿಗೆ ವಾಪಸ್ ದಾರಿ ಸಿಗದೆ ಇಂಡಿಕೇಟರ್ ಬಲ್ಬಿನೊಳಗಿಂದ ನುಸುಳಿ, ಮುಂದಿನ ಇಂಡಿಕೇಟರಿನ ಅರ್ತಿಗೆ ಹೋಗತೈತಿ. ಅದಕ್ಕ ಎರಡೂ ಅರೆಬರೆ.

ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡ್ರಿ. ಒಂದು ಕಡ್ಡಿ ಹೋಲ್ಡರಿನ ಅರ್ತ್ ಪಿನ್ನಿಗೆ, ಇನ್ನೊಂದನ್ನ ಉದ್ದ ವೈರ್ ಕಟ್ಟಿ ಬ್ಯಾಟರಿ ಮೈನಸ್ಸಿಗೆ. ಒಬ್ಬರು ಪೆಡಲ್ ಒತ್ತಿ ಹಿಡಿದಿರಬೇಕು, ಇಲ್ಲಾಂದ್ರ ಸೊನ್ನೆನ ತೋರಿಸತೈತಿ. 0.2 ವೋಲ್ಟ್ ಒಳಗಿದ್ರ ಚಲೋ, ಅರ್ಧ ವೋಲ್ಟ್ ದಾಟಿದ್ರ ಅರ್ತ್ ಕೆಟ್ಟಂಗ. ವೈರ್ ಕೂಡೈತೋ ಇಲ್ಲೋ ಅಂತ ಮೀಟರ್ ಸದ್ದು ಮಾಡಿ ಹೇಳೋ ಬೀಪ್ ಟೆಸ್ಟ್ ನಂಬಬ್ಯಾಡ್ರಿ: ಒಂದೆಳಿ ತಂತಿ ಉಳಿದಿದ್ರೂ ಬೀಪ್ ಬರತೈತಿ, ಆದ್ರ 21 ವ್ಯಾಟಿನ ಲೋಡ್ ತಡಿಯಲ್ಲ.

ಸಂಡೂರು ರೋಡ್:
2.6 ವೋಲ್ಟ್ ಬಂತ್ರಿ.

ಸಿಂಧನೂರು ಆಟೋ ಎಲೆಕ್ಟ್ರಿಕಲ್:
ಹಂಗಾರ ಖಾತ್ರಿ. ಡಿಕ್ಕಿಯೊಳಗ ಲ್ಯಾಂಪಿನ ಹಿಂದ ಕಪ್ಪು ವೈರ್ ಬಾಡಿಗೆ ಬೋಲ್ಟ್ ಆಗಿರತೈತಿ, ಬಣ್ಣ ಬ್ಯಾರೆ ಇದ್ದರೂ ವೈರ್ ಹಿಡ್ಕೊಂಡು ಹೋದ್ರ ಸಿಗತೈತಿ. ಬಿಚ್ಚೋಕ್ಕಿಂತ ಮೊದಲು ಬ್ಯಾಟರಿ ಮೈನಸ್ ತೆಗೀರಿ. ನಿಮ್ಮ ಕಡಿ ಅದಿರಿನ ಕೆಂಧೂಳು ಕುಂತು ಮಳಿ ನೀರು ಹಿಡದಿಟ್ಟುಕೊಂಡಿರತೈತಿ, ಅಲ್ಲೇ ತುಕ್ಕು. ಎಮರಿ ಪೇಪರಿನಿಂದ ಲೋಹ ಹೊಳೆಯೋತನಕ ತಿಕ್ಕಿ, ವೈರಿನ ತುದಿ ಹಸಿರಾಗಿದ್ರ ಕತ್ತರಿಸಿ ಹೊಸ ರಿಂಗ್ ಲಗ್ (ಬೋಲ್ಟಿಗೆ ಹಾಕೋ ಉಂಗುರದ ತುದಿ) ಒತ್ತಿ, ಬಿಗಿ ಮಾಡಿದ ಮ್ಯಾಲೆ ವ್ಯಾಸಲಿನ್ ಸವರ್ರಿ.

ಅಷ್ಟಾದ್ರೂ ವೋಲ್ಟ್ ಇಳಿಯದಿದ್ರ ತಪ್ಪು ಹೋಲ್ಡರಿನೊಳಗ. ಕಂದು ಬಣ್ಣಕ್ಕ ಕರಗಿದ ಹೋಲ್ಡರ್ ತಿಕ್ಕಿ ಉಪಯೋಗಿಲ್ಲ, ಬದಲಿಸಬೇಕು. ಬಲ್ಬೂ ನೋಡ್ರಿ: ಬ್ರೇಕು, ಪಾರ್ಕಿಂಗ್ ಎರಡಕ್ಕೂ ಒಂದೇ ಬಲ್ಬಿದ್ರ 21/5 ವ್ಯಾಟಿನದ ಬೇಕು, ಅದರ ಎರಡು ಪಿನ್ನು ಮ್ಯಾಲೆ-ಕೆಳಗ ಇರತಾವ. ಒಂದೇ ಫಿಲಮೆಂಟಿನದನ್ನ ಒತ್ತಿ ಕೂಡಿಸಿದ್ರೂ ಇಂಥದ್ದೇ ಗೊಂದಲ.

ಮೋಕಾ ರೋಡ್ ವೈರಿಂಗ್:
ಲ್ಯಾಂಪ್ ಮುಚ್ಚೋಕ್ಕಿಂತ ಮೊದಲು ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರೂ ಒಟ್ಟಿಗೆ ಹಾಕಿ ನೋಡ್ರಿ. ಒಂದೊಂದ ಹಾಕಿದ್ರ ಕೆಟ್ಟ ಅರ್ತೂ ಪಾಸ್ ಆಗಿಬಿಡತೈತಿ. ನೀರು ತಡೆಯೋ ಗ್ಯಾಸ್ಕೆಟ್ ಸೀಳಿದ್ರ ಅದನ್ನೂ ಹಾಕಿಸ್ರಿ.