ಆರು ವರ್ಷದ ಮಗನಿಗೆ ಸೀಲೆಂಟ್ ಹಾಕಿಸಬೇಕಾ?

ಪಾವಗಡದ ಅಮ್ಮ:
ನನ್ನ ಮಗನಿಗೆ ಆರೂವರೆ ವರ್ಷ. ಮೊನ್ನೆ ಶಾಲೆಗೆ ಹಲ್ಲು ನೋಡಲು ಬಂದಿದ್ದ ಡಾಕ್ಟರು "ಹಿಂದಿನ ನಾಲ್ಕು ದವಡೆ ಹಲ್ಲಿಗೆ ಸೀಲೆಂಟ್ ಹಾಕಿಸಿ" ಅಂತ ಚೀಟಿ ಬರೆದು ಕಳಿಸಿದ್ದಾರೆ. ಹುಳುಕಾಗದಂತೆ ಹಲ್ಲಿನ ಮೇಲೆ ಹಾಕುವ ಲೇಪವಂತೆ ಅದು. "ಬೀಳೋ ಹಲ್ಲಿಗೆ ಯಾಕಮ್ಮ ದುಡ್ಡು ಸುರೀತೀಯಾ?" ಅಂತ ನಮ್ಮತ್ತೆ. ನನಗೂ ಹಾಗೇ ಅನ್ನಿಸಿತು. ಇವನಿಗೆ ಬಿದ್ದಿರುವುದೇ ಮುಂದಿನ ಎರಡು ಹಲ್ಲು.

ಇನ್ನೊಂದು ವಿಷಯ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದು ಬೆಳೆದ ನನ್ನ ಹಲ್ಲೆಲ್ಲ ಕಂದು ಪಟ್ಟೆ. ಫ್ಲೋರೈಡ್ ಇದ್ದರೆ ಹಲ್ಲು ಹುಳುಕಾಗಲ್ಲ ಅಂತಾರಲ್ಲ, ಮತ್ತೆ ಇದು ಬೇರೆ ಯಾಕೆ? ಸೂಜಿ ಚುಚ್ಚುತ್ತಾರಾ? ಸೂಜಿ ಅಂದರೆ ಇವನು ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ.

ಎರಡು ಮಕ್ಕಳ ಅಪ್ಪ, ತುಮಕೂರು:
ಮೇಡಂ, ಅದು ಬೀಳುವ ಹಲ್ಲಲ್ಲ. ನಾನೂ ಹೀಗೇ ಮೋಸ ಹೋದೆ. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೂ ಕೆಳಗೂ ಎರಡೂ ಕಡೆ ಒಂದೊಂದು ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಸುಮ್ನೆ ಬಂದು ಕೂರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲ್ಲ. ಅದೇ ಹಲ್ಲು ಮುದುಕರಾಗುವ ತನಕ ಇರಬೇಕು.

ನನ್ನ ಮಗಳಿಗೆ ಎಂಟು ವರ್ಷವಿದ್ದಾಗ ಕಡಲೆಮಿಠಾಯಿ ತಿಂದು ರಾತ್ರಿ ಅಳು ಶುರು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕೊನೇ ಹಲ್ಲಿನ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಇಷ್ಟಕ್ಕೆ ಇಷ್ಟೊಂದು ಅಳುವುದಾ ಅಂತ ಗದರಿಸಿಬಿಟ್ಟೆ ಬೇರೆ. ಬೆಳಿಗ್ಗೆ ಡಾಕ್ಟರು ಕೊರೆದು ನೋಡಿದರೆ ಒಳಗೆ ದೊಡ್ಡ ಗುಳಿ, ಹುಳುಕು ನರದ ತನಕ ಹೋಗಿತ್ತು. ಮೂರು ಸಲ ಓಡಾಡಿ ಕೊನೆಗೆ ಕ್ಯಾಪ್ ಹಾಕಿಸಿದೆವು.

ಚಿಕ್ಕವನಿಗೆ ಸೀಲೆಂಟ್ ಹಾಕಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಸೂಜಿಯಿಲ್ಲ, ಕೊರೆಯುವುದಿಲ್ಲ. ಹಲ್ಲು ಉಜ್ಜಿ, ಸುತ್ತ ಹತ್ತಿ ಇಟ್ಟು, ನೀಲಿ ಜೆಲ್ ಬಿಟ್ಟರು. ಅರ್ಧ ನಿಮಿಷಕ್ಕೆ ತೊಳೆದು, ಗಾಳಿ ಊದಿ ಒಣಗಿಸಿದಾಗ ಹಲ್ಲು ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು. ಮೇಲೆ ಗಂಜಿಯಂಥ ರಾಳ, ಅದಕ್ಕೆ ನೀಲಿ ದೀಪ. 20 ಸೆಕೆಂಡಿಗೆ ಗಟ್ಟಿ. ಒಂದು ಹಲ್ಲಿಗೆ ಮಾತ್ರ ನಮ್ಮವನು ನಾಲಿಗೆ ಆಡಿಸಿಬಿಟ್ಟ. ಎಂಜಲು ತಾಗಿದ್ದು ಎರಡೇ ತಿಂಗಳಿಗೆ ಎದ್ದುಬಂತು, ಮತ್ತೆ ಹಾಕಿಸಬೇಕಾಯಿತು. ಹೋಗುವ ಮುಂಚೆ ಮನೆಯಲ್ಲೇ ಬಾಯಿ ತೆರೆದು ಹಾಗೇ ಇರುವ ಆಟ ಆಡಿಸಿ!

ಹಲ್ಲಿನ ಡಾಕ್ಟರು:
ಫ್ಲೋರೈಡ್ ಪ್ರಶ್ನೆ ಚೆನ್ನಾಗಿದೆ. ಅದು ಹಲ್ಲಿನ ನುಣುಪಾದ ಬದಿಗಳನ್ನು ಕಾಯುವಷ್ಟು ಚೆನ್ನಾಗಿ ಮೇಲಿನ ಗೀರುಗಳನ್ನು ಕಾಯುವುದಿಲ್ಲ. ಆ ಗೀರುಗಳು ಬ್ರಷ್ಷಿನ ಎಳೆಗಿಂತಲೂ ಸಣ್ಣ. ಬಿಸ್ಕತ್ತಿನ ಪುಡಿ ಒಳಗೆ ಹೋಗುತ್ತದೆ, ಬ್ರಷ್ ಹೋಗುವುದಿಲ್ಲ. ಸೀಲೆಂಟ್ ಮುಚ್ಚುವುದು ಅದನ್ನೇ. ದವಡೆ ಹಲ್ಲಿನ ಹುಳುಕನ್ನು ಎರಡು ವರ್ಷದ ತನಕ ಶೇ. 80ರಷ್ಟು ತಡೆಯುತ್ತದೆ ಎನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ. ಹಲ್ಲು ಹಲ್ಲಿನ ಸಂದಿಗೆ ಮಾತ್ರ ಇದು ಉಪಯೋಗವಿಲ್ಲ, ಉಜ್ಜುವುದನ್ನು ಬಿಡುವ ಹಾಗಿಲ್ಲ.

ಮಗುವಿನ ಹಲ್ಲಿನಲ್ಲೂ ಪಟ್ಟೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಂಥ ಹಲ್ಲಿಗೆ ಜೆಲ್ ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕಾಗಬಹುದು. ಒಸಡು ಇನ್ನೂ ಹಲ್ಲಿನ ಮೇಲಿದ್ದರೆ ಒಣಗಿಸುವುದು ಕಷ್ಟ. ಆಗ ಸದ್ಯಕ್ಕೆ ಸ್ವಲ್ಪ ತೇವವಿದ್ದರೂ ಅಂಟುವ ಗ್ಲಾಸ್ ಅಯನೋಮರ್ ಎಂಬ ಸಿಮೆಂಟ್ ಹಾಕುತ್ತೇವೆ, ಇಲ್ಲವೇ ಕಾಯುತ್ತೇವೆ. ಆರು ತಿಂಗಳಿಗೊಮ್ಮೆ ತೋರಿಸಿ. 12ರ ಸುಮಾರಿಗೆ ಇನ್ನೂ ನಾಲ್ಕು ದವಡೆ ಹಲ್ಲು ಬರುತ್ತವೆ, ಅವಕ್ಕೂ ಇದೇ.

ಪಾವಗಡದ ಅಮ್ಮ:
ಈಗ ತಾನೆ ಟಾರ್ಚ್ ಹಾಕಿ ನೋಡಿದೆ. ಅತ್ತೆಯೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ "ಅಯ್ಯೋ, ಇದು ಯಾವಾಗ ಬಂತೇ?" ಅಂದರು. ಮೂರು ಪೂರ್ತಿ ಬಂದಿವೆ, ಕೆಳಗೆ ಎಡಗಡೆಯದರ ಮೇಲೆ ಅರ್ಧ ಒಸಡು ಹೊದ್ದಿದೆ. ಶನಿವಾರ ಕರೆದುಕೊಂಡು ಹೋಗುತ್ತೇನೆ. ಅವನಿಗೆ ನೀಲಿ ದೀಪದ ವಿಷಯ ಮಾತ್ರ ಹೇಳಿದ್ದೇನೆ.