ಹಳೆಯ ತಟ್ಟೆಗೆ ಮತ್ತೆ ಮುಳ್ಳು ಇಡಬೇಕೆಂದಿದ್ದೇನೆ: ಅನುಭವಸ್ಥರು ದಯವಿಟ್ಟು ತಿಳಿಸಿ

ಅಟ್ಟದ ತಟ್ಟೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎಲ್‌ಪಿಯನ್ನು (ಗ್ರಾಮಫೋನ್ ತಟ್ಟೆಯನ್ನು) ನಾನು 1979ರಲ್ಲಿ, ಸುರತ್ಕಲ್ಲಿನ ಹಾಸ್ಟೆಲಿನಲ್ಲಿದ್ದಾಗ, ಎರಡು ತಿಂಗಳು ಮೆಸ್ಸಿನ ಬಾಕಿ ಉಳಿಸಿಕೊಂಡು ಕೊಂಡಿದ್ದೆ. ಕೋಲ್ಕತ್ತದ ಡಮ್ ಡಮ್‌ನಲ್ಲಿ ಅಚ್ಚಾದ ಪ್ರತಿ ಅದು. ಮೊದಲನೆಯ ಬದಿಯಲ್ಲಿ ಎರಡು ಗೀರುಗಳಿವೆ. ಟರ್ನ್‌ಟೇಬಲ್ಲು ಮತ್ತು ಆಂಪ್ಲಿಫೈಯರು 1994ರಿಂದ ಅಟ್ಟದ ಮೇಲಿವೆ. ಈಗ ಆ ಆಲ್ಬಮ್ಮನ್ನು ಒಂದೇ ಪಟ್ಟಿಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂಬ ಆಸೆ ಹುಟ್ಟಿದೆ. ಇಪ್ಪತ್ತೈದು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಯಂತ್ರವನ್ನು ರಿಪೇರಿ ಮಾಡಿಸಲೇ, 2023ರಲ್ಲಿ ಬಂದ ಐವತ್ತನೆಯ ವರ್ಷದ ಆವೃತ್ತಿಯನ್ನು ಕೊಳ್ಳಲೇ, ಅಥವಾ ಫೋನಿನಲ್ಲಿಯೇ ಕೇಳಿ ಸುಮ್ಮನಾಗಲೇ? ಒಂದು ವಿಷಯ ಗಮನದಲ್ಲಿರಲಿ: ಕಳೆದ ವರ್ಷದಿಂದ ನನಗೆ ಎಡಗಿವಿ ಬಹುಮಟ್ಟಿಗೆ ಕೇಳಿಸುವುದಿಲ್ಲ.

ಸೂಜಿಮೊನೆ:
ಇದೇ ಆಲ್ಬಮ್ಮಿಗಾಗಿ ನಾನು ಎರಡು ವರ್ಷಗಳ ಹಿಂದೆ ಯಂತ್ರವನ್ನು ರಿಪೇರಿ ಮಾಡಿಸಿದೆ. ಪೈಸೆ ಪೈಸೆಯ ಲೆಕ್ಕ ಇಟ್ಟಿರುವುದರಿಂದ ಹೇಳುತ್ತೇನೆ. ಹಳೆಯ ಬೆಲ್ಟು ಕರಗಿ ಡಾಂಬರಾಗಿ ತಿರುಗುತಟ್ಟೆಯ ಅಡಿಗೆ ಅಂಟಿಕೊಂಡಿತ್ತು, ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಲು ಒಂದು ಭಾನುವಾರ ಹಿಡಿಯಿತು. ಹೊಸ ಬೆಲ್ಟಿಗೆ 850 ರೂಪಾಯಿ. ಅದು ಸಡಿಲವಾಗಿ ಜಾರುತ್ತಿದ್ದುದರಿಂದ ಮತ್ತೊಂದಕ್ಕೆ ಇನ್ನೊಂದು 850. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜಿಗೆ 7,400. ಅದನ್ನು ಕೂರಿಸಿ ಹನ್ನೊಂದನೆಯ ದಿನ ಮನೆಗೆ ಬಂದಿದ್ದ ನೆಂಟರ ಹುಡುಗ 'ಇದೇನು ಮಾವ' ಎಂದು ಬೆರಳಿನಿಂದ ಮುಟ್ಟಿ ಮುಳ್ಳನ್ನು ಬಾಗಿಸಿಬಿಟ್ಟ. ಬದಲಿ ಮುಳ್ಳಿಗೆ 4,900. ತಟ್ಟೆಯ ಮೇಲೆ ಮುಳ್ಳಿನ ಭಾರ ನೋಡುವ ಪುಟ್ಟ ತಕ್ಕಡಿಗೆ 1,100, ಮುಳ್ಳಿನ ಸಣ್ಣ ಸದ್ದನ್ನು ಹಿಗ್ಗಿಸುವ ಫೋನೋ ಪ್ರೀಆಂಪಿಗೆ 5,600, ಮೆಕ್ಯಾನಿಕ್ಕಿಗೆ 2,500. ಒಟ್ಟು 23,200, ಆಟೋ ಬಾಡಿಗೆ ಬೇರೆ. ಇಷ್ಟಾದ ಮೇಲೂ ಗುಂಯ್ ಎನ್ನುವ ಸದ್ದು ನಿಲ್ಲದೆ ಮೂರು ವಾರ ಒದ್ದಾಡಿದೆ. ಕೊನೆಗೆ ಅದು ಅರ್ಥಿಂಗ್ ತಂತಿಯನ್ನು ಸಿಕ್ಕಿಸದೆ ಬಿಟ್ಟಿದ್ದರಿಂದ ಬಂದದ್ದೆಂದು ತಿಳಿಯಿತು. ಆದರೆ 'ಟೈಮ್' ಹಾಡಿಗೆ ಮುಂಚೆ ಆ ಗಡಿಯಾರಗಳೆಲ್ಲ ಒಮ್ಮೆಗೇ ಬಡಿದುಕೊಂಡಾಗ, ಅವನ್ನು ಧ್ವನಿಮುದ್ರಣದ ಎಂಜಿನಿಯರ್ ಆಲನ್ ಪಾರ್ಸನ್ಸ್ ಹಳೆಯ ವಸ್ತುಗಳ ಅಂಗಡಿಯಲ್ಲಿ ಒಂದೊಂದಾಗಿ ಧ್ವನಿಮುದ್ರಿಸಿಕೊಂಡದ್ದೆಂಬುದು ನನಗೆ ಮೊದಲ ಬಾರಿ ಕಿವಿಯಿಂದಲೇ ನಂಬಿಕೆಯಾಯಿತು. ಕೊಟ್ಟ ದುಡ್ಡಿಗೆ ನನಗೆ ಪಶ್ಚಾತ್ತಾಪವಿಲ್ಲ.

ಐವತ್ತು ಹರ್ಟ್ಜ್:
23,200 ರೂಪಾಯಿ ದೊಡ್ಡ ಕಥೆಯಲ್ಲ. ನಾನು ಅಮೆರಿಕದಿಂದ ಹಿಂದಿರುಗುವಾಗ ಅಲ್ಲಿನ ಟರ್ನ್‌ಟೇಬಲ್ಲನ್ನು ಬಟ್ಟೆಗಳ ನಡುವೆ ಸುತ್ತಿ ತಂದೆ. 110 ವೋಲ್ಟಿನದೆಂದು ಗೊತ್ತಿದ್ದುದರಿಂದ 3,200 ಕೊಟ್ಟು ಟ್ರಾನ್ಸ್‌ಫಾರ್ಮರ್ ಕೂಡ ಹಾಕಿಸಿದೆ. ಎರಡು ತಿಂಗಳ ಕಾಲ ಪ್ರತಿ ರಾತ್ರಿ ಇದೇ ಆಲ್ಬಮ್ಮನ್ನು ಕೇಳುತ್ತಾ, 'ಯೌವನದಲ್ಲಿ ಈ ಸಂಗೀತದ ಗಾಂಭೀರ್ಯ ನನಗೆ ತಿಳಿದೇ ಇರಲಿಲ್ಲ, ವಯಸ್ಸಾದ ಮೇಲೆ ಎಷ್ಟು ಆಳವಾಗಿ ಕೇಳಿಸುತ್ತಿದೆ ನೋಡು' ಎಂದು ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದೆ. ರಜೆಗೆ ಬಂದ ಮಗಳು ಐದು ನಿಮಿಷ ಕೇಳಿ, 'ಅಪ್ಪಾ, ಇದು ನಿಧಾನವಾಗಿ ಓಡುತ್ತಿದೆ' ಎಂದಳು. ಅಲ್ಲಿನ ವಿದ್ಯುತ್ತು 60 ಹರ್ಟ್ಜ್, ನಮ್ಮದು 50. ಆ ಮೋಟಾರು ವೋಲ್ಟೇಜಿಗಲ್ಲ, ಹರ್ಟ್ಜಿಗೆ ತಕ್ಕಂತೆ ತಿರುಗುವಂಥದ್ದು. ಟ್ರಾನ್ಸ್‌ಫಾರ್ಮರು ಹರ್ಟ್ಜನ್ನು ಬದಲಾಯಿಸುವುದಿಲ್ಲ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 28ಕ್ಕಿಂತ ಕಡಿಮೆ ತಿರುಗುತ್ತಿತ್ತು. 43 ನಿಮಿಷದ ಆಲ್ಬಮ್ಮು ಐವತ್ತೊಂದೂವರೆ ನಿಮಿಷವಾಗಿತ್ತು. ಶ್ರುತಿಯೋ, ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗಿಳಿದಿತ್ತು. ನಾನು ಮೆಚ್ಚಿಕೊಂಡ ಗಾಂಭೀರ್ಯ ಅದು. ಮೋಟಾರಿನ ರಾಟೆ ಒಂದೂಕಾಲು ಪಾಲಿಗಿಂತ ತುಸು ಕಡಿಮೆ, ಸರಿಯಾಗಿ 1.2 ಪಟ್ಟು ದಪ್ಪವಿರಬೇಕೆಂದು ಲೆಕ್ಕ ಹಾಕಿ, ಪೀಣ್ಯದಲ್ಲಿ ಒಬ್ಬ ಲೇತಿನವರಿಂದ ಹಿತ್ತಾಳೆಯಲ್ಲಿ ಮೂರು ಬಾರಿ ಕಡೆಸಿದೆ. ಮೊದಲೆರಡರ ಕೇಂದ್ರ ಕೂದಲೆಳೆಯಷ್ಟು ತಪ್ಪಿ, ಹಾಡುವವರ ದನಿ ಉಯ್ಯಾಲೆಯಾಡುತ್ತಿತ್ತು. ಮೂರನೆಯದು ಸರಿಯಾಯಿತು. ಈಗ ಆಲ್ಬಮ್ಮು ಸರಿಯಾದ ವೇಗದಲ್ಲಿದೆ. ನನಗೆ ಮಾತ್ರ ಸ್ವಲ್ಪ ಅವಸರದ್ದೆನಿಸುತ್ತದೆ.

ಆಗುಂಬೆ ಮಳೆ:
ಯಂತ್ರ, ತಟ್ಟೆ ಎರಡನ್ನೂ ಬಿಟ್ಟುಬಿಡಿ. ನಮ್ಮ ಊರಿನ ಒಂದು ಮಳೆಗಾಲ ಸಾಕಾಯಿತು: ಆ ಕಪ್ಪು ಹೊದಿಕೆಯ ಮೇಲೆ ಬಿಳಿಯ ಬೂಷ್ಟು ಹಬ್ಬಿ ಅದರ ಚಿತ್ರದ ಪಟ್ಟಕ (ಪ್ರಿಸಂ) ಮಂಜಿನೊಳಗೆ ನಿಂತಂತೆ ಕಾಣುತ್ತಿತ್ತು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಕಾಯಲೆಂದು ಬಚ್ಚಲೊಲೆಯ ಹತ್ತಿರದ ಗೋಡೆಗೆ ಒರಗಿಸಿಟ್ಟೆ; ತಟ್ಟೆ ಹಪ್ಪಳದಂತೆ ಅಲೆಯಲೆಯಾಗಿ ಸೊಟ್ಟಗಾಯಿತು. ಎರಡು ಗಾಜಿನ ನಡುವೆ ಇಟ್ಟು ಮೇಲೆ ನಿಘಂಟಿನ ಸಂಪುಟಗಳನ್ನು ಹೇರಿದರೂ ಸರಿಹೋಗಲಿಲ್ಲ. ಈಗ ಫೋನಿನಿಂದ ಸ್ಪೀಕರಿಗೆ ಕಳಿಸಿ ಕೇಳುತ್ತೇನೆ. ಮೊದಲು ಹಾಡು ಹಾಡಿನ ನಡುವೆ ಅರೆಕ್ಷಣ ಕತ್ತರಿಸಿದಂತಾಗುತ್ತಿತ್ತು, ಒಂದು ಸಲ 'ಬ್ರೇನ್ ಡ್ಯಾಮೇಜ್' ಮುಗಿದು 'ಎಕ್ಲಿಪ್ಸ್' ಆರಂಭವಾಗುವ ಸಂದಿಯಲ್ಲಿ ಗೋಡೆ ಬಣ್ಣದ ಜಾಹೀರಾತು ನುಗ್ಗಿತು. ಚಂದಾ ಕಟ್ಟಿದೆ, ಸಂದಿ ಇಲ್ಲದಂತೆ ನುಡಿಸುವ ಆಯ್ಕೆಯನ್ನು ಒತ್ತಿದೆ, ಮುಗಿಯಿತು. ಎದ್ದು ಹೋಗಿ ತಟ್ಟೆ ಮಗುಚುವ ಕಾಟವೂ ಇಲ್ಲ.

ಸೂಜಿಮೊನೆ:
ಮಳೆಯವರೇ, ನೀವು ಕಾಟ ಎಂದದ್ದು ಕೃತಿಯ ಭಾಗ. ಮೊದಲ ಬದಿಯ ಕೊನೆಯಲ್ಲಿ, ಸಾವನ್ನು ಕುರಿತ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಹಾಡಿನಲ್ಲಿ ಆ ಹೆಣ್ಣುದನಿ ಕ್ಷೀಣಿಸಿ ಅಡಗಿದ ಮೇಲೆ ಮನೆಯಲ್ಲಿ ಒಂದು ಮೌನ ಇರಬೇಕು. ಆ ಮೌನದಲ್ಲಿ ಎದ್ದು, ತಟ್ಟೆಯನ್ನು ಮಗುಚಿ, ಆಮೇಲೆ 'ಮನಿ' ಹಾಡಿನ ನಾಣ್ಯದ ಸದ್ದು ಕೇಳಬೇಕು. ಸಾವು ಮುಗಿದ ಕೂಡಲೇ ಗಲ್ಲಾಪೆಟ್ಟಿಗೆ ತೆರೆದರೆ ಅದು ಅಸಭ್ಯತೆ.

ಆಗುಂಬೆ ಮಳೆ:
ಮಾನ್ಯರೇ, ಈ ಕೃತಿಯನ್ನು ಅವರು 1972ರ ಜನವರಿಯಿಂದಲೇ, ಅಂದರೆ ಧ್ವನಿಮುದ್ರಣಕ್ಕೆ ಮೊದಲೇ, ವೇದಿಕೆಯಲ್ಲಿ ಪೂರ್ತಿಯಾಗಿ ನುಡಿಸುತ್ತಿದ್ದರು. ಅಲ್ಲಿ ಯಾರು ಎದ್ದು ಯಾವ ತಟ್ಟೆಯನ್ನು ಮಗುಚಿದರು?

ಸೂಜಿಮೊನೆ:
ಇಂಗ್ಲೆಂಡಿನ ಬ್ರೈಟನ್ನಿನ ಆ ಮೊದಲ ಪ್ರದರ್ಶನವೇ ಯಂತ್ರಗಳು ಕೈಕೊಟ್ಟು 'ಮನಿ' ಹೊತ್ತಿಗೆ ನಿಂತುಹೋಯಿತೆಂಬುದನ್ನು ತಾವು ಜಾಣತನದಿಂದ ನುಂಗಿಕೊಂಡಿದ್ದೀರಿ. ತಟ್ಟೆಯನ್ನು ಬಚ್ಚಲೊಲೆಗೆ ಒರಗಿಸಿದವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕಿಲ್ಲ.

ಪೆಟ್ಟಿಗೆ ಕೊಂಡವನು:
ಇಬ್ಬರೂ ಎರಡೇ ಸ್ಪೀಕರಿನ ಲೋಕದಲ್ಲಿದ್ದೀರಿ. ನಾನು ಈ ಆಲ್ಬಮ್ಮಿನ 2011ರ ದೊಡ್ಡ ಪೆಟ್ಟಿಗೆಯನ್ನು ತರಿಸಿದೆ. ಸಾಗಣೆ, ಸುಂಕ ಸೇರಿ ಹದಿಮೂರು ಸಾವಿರ ದಾಟಿತು. ಒಳಗೆ ಒಂದು ಕೊರಳುವಸ್ತ್ರ ಮತ್ತು ಗೋಲಿಗಳಿದ್ದವು, ಹೌದು, ಆಡುವ ಗೋಲಿಗಳು. ಅವು ಈಗ ಮೊಮ್ಮಗನ ಜೇಬಿನಲ್ಲಿವೆ. ಆದರೆ ಅದರಲ್ಲಿ ಪಾರ್ಸನ್ಸ್ 1973ರಲ್ಲಿ ನಾಲ್ಕು ಸ್ಪೀಕರುಗಳಿಗಾಗಿ ಮಾಡಿದ ಮಿಶ್ರಣವಿದೆ. ಅದನ್ನು ಕೇಳಲು ಇನ್ನೆರಡು ಸ್ಪೀಕರು ಬೇಕಾದವು, ಅವಕ್ಕೆ ಜಾಗ ಬೇಕಾಯಿತು, ಜಾಗಕ್ಕಾಗಿ ದಿವಾನವನ್ನು ಹೊರಹಾಕಬೇಕಾಯಿತು, ಆ ದಿವಾನ ಮಾವನವರು ಕೊಟ್ಟದ್ದಾಗಿತ್ತು. ಮುಂದಿನದನ್ನು ಬರೆಯುವುದಿಲ್ಲ. 2002ರಲ್ಲಿ ತಂಡದ ಹಳೆಯ ಸದಸ್ಯ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ನಾನೂ ಹುಲ್ಲಿನ ಮೇಲೆ ನಿಂತು ಕೇಳಿದವನೇ. ಆದರೂ ನನ್ನ ಮನೆಯ ನಡುವೆ ಕುಳಿತು ಕೇಳಿದ್ದು ಅದಕ್ಕಿಂತ ಮೇಲು.

ಹಳೆಯ ತಟ್ಟೆಯೇ ಶ್ರೇಷ್ಠ ಎನ್ನುವವರು ಅದರ ಮೇಲಿನ ಹೆಸರುಗಳನ್ನೂ ಓದಲಿ. ಸೂಜಿಮೊನೆಯವರು ಕಣ್ಣೀರಿಟ್ಟ ಆ ಹೆಣ್ಣುದನಿ ಕ್ಲೇರ್ ಟೋರಿಯವರದು. ಆ ಭಾನುವಾರದ ಕೆಲಸಕ್ಕೆ ಆಕೆಗೆ ಸಿಕ್ಕಿದ್ದು 30 ಪೌಂಡು. 2004ರಲ್ಲಿ ನ್ಯಾಯಾಲಯಕ್ಕೆ ಹೋಗಿ, 2005ರಲ್ಲಿ ರಾಜಿಯಾದ ಮೇಲಷ್ಟೇ ರಚನಕಾರರ ಸಾಲಿನಲ್ಲಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಜೊತೆಗೆ ಆಕೆಯ ಹೆಸರು ಬಂದಿತು. ನಿಮ್ಮ 1979ರ ಪ್ರತಿಯಲ್ಲಿ ರೈಟ್ ಒಬ್ಬರೇ ಇದ್ದಾರೆ.

ಸೂಜಿಮೊನೆ:
ಕಣ್ಣೀರಿಟ್ಟೆ ಎಂದು ನಾನು ಎಲ್ಲಿಯೂ ಬರೆದಿಲ್ಲ.

ಎಡಮೃದಂಗ:
ನಾಲ್ಕು ದಿಕ್ಕಿನಿಂದ ಕೇಳಿದರೂ ತಾಳ ತಿಳಿಯದಿದ್ದರೆ ಏನು ಬಂತು? ನಾನು ಒಂಬತ್ತು ವರ್ಷ ಮೃದಂಗ ಕಲಿತವನು. 'ಮನಿ' ಹಾಡು ಏಳು ಎಣಿಕೆಯ ಮಿಶ್ರ ಚಾಪು ತಾಳ. ತಕಿಟ ತಕಧಿಮಿ ಎಂದು ಹೇಳಿಕೊಂಡರೆ ನಾಣ್ಯಗಳು ತಾವಾಗಿಯೇ ಕೂರುತ್ತವೆ. ಇದನ್ನು ತಿಳಿದ ಮೇಲೆ ಮರುಕೇಳ್ಮೆ ಸಾರ್ಥಕವಾಯಿತು, ನಯಾಪೈಸೆ ಖರ್ಚಾಗಲಿಲ್ಲ.

ಐವತ್ತು ಹರ್ಟ್ಜ್:
ಏಳು ಎಣಿಕೆ ಇದ್ದ ಮಾತ್ರಕ್ಕೆ ಮಿಶ್ರ ಚಾಪು ಆಗುವುದಿಲ್ಲ. ಅಲ್ಲಿ ಏಳೂ ಬಡಿತಗಳು ಸಮನಾಗಿ ನಡೆಯುತ್ತವೆ. ಮೂರು, ನಾಲ್ಕು ಎಂಬ ಒಡಕು ನೀವು ಹೇರಿದ್ದು. ಆ ಏಳು ಸದ್ದುಗಳನ್ನು ವಾಟರ್ಸ್ ಹೆಂಡತಿ ಮಡಕೆ ಮಾಡಲು ಇಟ್ಟುಕೊಂಡಿದ್ದ ಬಟ್ಟಲಿಗೆ ನಾಣ್ಯ ಎಸೆದೂ ಇನ್ನೇನೇನೋ ಮಾಡಿಯೂ ಪಡೆದು, ಟೇಪನ್ನು ಅಳೆದು ಕತ್ತರಿಸಿ ಅಂಟಿಸಿ ಮಾಡಿದ್ದು. ಅಳತೆಪಟ್ಟಿಯ ತಾಳ ಅದು, ಚಾಪು ಅಲ್ಲ. ಮೇಲಾಗಿ ಗಿಟಾರಿನ ಭಾಗ ಬಂದಾಗ ನಾಲ್ಕಕ್ಕೆ ತಿರುಗುತ್ತದೆ. ಅಲ್ಲಿ ನಿಮ್ಮ ತಕಿಟ ಎಲ್ಲಿ ಹೋಯಿತು?

ಎಡಮೃದಂಗ:
ಎರಡು ತಿಂಗಳು ಮೂರು ಮನೆ ಕೆಳಗಿನ ಶ್ರುತಿಯಲ್ಲಿ ಕೇಳಿ ಆಳ ಕಂಡವರು ತಾಳದ ಬಗ್ಗೆ ಮಾತನಾಡುತ್ತಿರುವುದು ಸಂತೋಷ.

ಅಟ್ಟದ ತಟ್ಟೆ:
ಎಲ್ಲರಿಗೂ ಕೃತಜ್ಞತೆಗಳು. ಎಡಗಿವಿಯ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಮತ್ತೊಮ್ಮೆ ನೆನಪಿಸುತ್ತಿದ್ದೇನೆ.

ಒಂಟಿಕಿವಿ:
ನನ್ನ ಬಲಗಿವಿ 2016ರಲ್ಲಿ ಹೋಯಿತು. ಅದಾದ ಮೇಲೆ ಮೊದಲ ಬಾರಿ ಇದನ್ನು ಹೆಡ್‌ಫೋನಿನಲ್ಲಿ ಕೇಳಿದಾಗ 'ಆನ್ ದ ರನ್' ಹಾಡಿನ ಸದ್ದುಗಳು ಒಂದು ಪಕ್ಕಕ್ಕೆ ಹೋದವು ಮತ್ತೆ ಬರಲಿಲ್ಲ, ನಾಣ್ಯಗಳ ಏಳು ಎಣಿಕೆ ಎಣಿಸಿದರೆ ಲೆಕ್ಕಕ್ಕೇ ಸಿಗಲಿಲ್ಲ. ಆಲ್ಬಮ್ಮು ಕೆಟ್ಟಿದೆಯೆಂದು ಎರಡು ವರ್ಷ ಮುಟ್ಟಲಿಲ್ಲ. ಹಳೆಯ ಆಂಪ್ಲಿಫೈಯರುಗಳಲ್ಲಿ ಮೊನೊ ಎಂಬ ಗುಂಡಿ ಇರುತ್ತದೆ, ಫೋನಿನಲ್ಲೂ ಅದೇ ಹೆಸರಿನ ಆಯ್ಕೆ ಇದೆ. ಒತ್ತಿದರೆ ಎರಡೂ ಬದಿಯ ಸದ್ದು ಒಂದೇ ಕಿವಿಗೆ ಬರುತ್ತದೆ. ಕೆಲವು ಸದ್ದುಗಳು ಒಂದರ ಮೇಲೊಂದು ಬಿದ್ದು ಮಂಕಾಗುತ್ತವೆ; ಆದರೆ ತಟ್ಟೆಯ ಚಟಪಟವೂ ಸ್ವಲ್ಪ ತಗ್ಗುತ್ತದೆ.

ಅಟ್ಟದ ತಟ್ಟೆ:
ಆಂಪ್ಲಿಫೈಯರನ್ನು ಅಟ್ಟದಿಂದ ಇಳಿಸಿ ನೋಡಿದೆ. ವಾಲ್ಯೂಮಿನ ಪಕ್ಕದಲ್ಲಿಯೇ ಆ ಗುಂಡಿ ಇದೆ. ಕೊಂಡಂದಿನಿಂದ ಒಮ್ಮೆಯೂ ಒತ್ತಿರಲಿಲ್ಲ. ಬೆಲ್ಟು ಮಾತ್ರ ಸೂಜಿಮೊನೆಯವರು ಹೇಳಿದಂತೆ ಡಾಂಬರಾಗಿದೆ. ಹೊಸದಕ್ಕೆ ಅಳತೆ ತೆಗೆಯುವುದು ಹೇಗೆ?

ಸೂಜಿಮೊನೆ:
ಬೆಲ್ಟು ಹಾದುಹೋಗುವ ದಾರಿಯ ಸುತ್ತ ದಾರ ಸುತ್ತಿ ಅಳೆಯಿರಿ, ಅದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆಯದನ್ನು ತರಿಸಿ. ನಾನು ಅಳೆಯದೆ ತರಿಸಿದ್ದಕ್ಕೇ 850 ಎರಡು ಸಲ ಹೋದದ್ದು. ಮೊದಲ ಬದಿ ಮುಗಿದಾಗ ತಟಕ್ಕನೆ ಮಗುಚಬೇಡಿ, ಒಂದು ನಿಮಿಷ ಕುಳಿತಿರಿ.

ಆಗುಂಬೆ ಮಳೆ:
ಮತ್ತೆ ಶುರು.