ಅಪ್‌ಡೇಟ್: ಕಟಿಂಗ್ ಟೇಬಲ್ಲಿಗೆ ಭಾರದ ಶೀಟು ಏರಿಸುವ ಬಗ್ಗೆ

ಪುಣೆಯ ಭೋಸರಿಯಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಇಬ್ಬರೇ ಆಳುಗಳಿಂದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕಿನ) ಶೀಟನ್ನು ಪ್ಲಾಸ್ಮಾ ಜ್ವಾಲೆಯಿಂದ ಲೋಹ ಕತ್ತರಿಸುವ ಟೇಬಲ್ಲಿನ ಮೇಲೆ ಹೇಗೆ ಏರಿಸಬಹುದೆಂದು ಎರಡು ತಿಂಗಳ ಹಿಂದೆ ಕೇಳಿದ್ದೆ. 2500 ಮಿ.ಮೀ. ಉದ್ದ, 1250 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಶೀಟು ಸುಮಾರು 147 ಕೆ.ಜಿ. ತೂಗುತ್ತದೆ, ದಪ್ಪ 10 ಮಿ.ಮೀ. ಆದರೆ ತೂಕ 245 ಕೆ.ಜಿ. ದಾಟುತ್ತದೆ.

ಅಯಸ್ಕಾಂತದ ಲಿಫ್ಟರ್ ಕೊಳ್ಳಿರೆಂದು ಹಲವರು ಹೇಳಿದ್ದಿರಿ. ಆದರೆ ಅದರ ಮೇಲೆ ನಮೂದಿಸಿದ ತೂಕ ದಪ್ಪ ಪ್ಲೇಟಿಗೆ ಅನ್ವಯಿಸುವಂಥದ್ದು. ತೆಳು ಶೀಟಿನಲ್ಲಿ ಹಿಡಿತ ಕಡಿಮೆಯಾಗುವುದಲ್ಲದೆ, ಶೀಟು ಬಾಗಿ ಅಂಚಿನಿಂದ ಬಿಟ್ಟುಕೊಳ್ಳುವ ಭಯವೂ ಇರುತ್ತದೆ. ಗಾಳಿ ಹೀರಿ ಶೀಟಿಗೆ ಅಂಟಿಕೊಂಡು ಎತ್ತುವ ವ್ಯಾಕ್ಯೂಮ್ ಲಿಫ್ಟರ್ ನಮ್ಮ ಕೈಗೆಟುಕುವ ಬೆಲೆಯದಲ್ಲ. ಮಳೆಗಾಲದಲ್ಲಿ ತುಕ್ಕಿನ ಹಕ್ಕಳೆ ಏಳುವ ನಮ್ಮ ಶೀಟುಗಳಿಗೆ ಅದು ಅಂಟುವುದೂ ಅನುಮಾನವೇ.

ಶೆಡ್ಡಿನ ಟ್ರಸ್ (ಛಾವಣಿ ಹೊರುವ ಚೌಕಟ್ಟು) ಭಾರ ತಾಳದೆಂದು ಫ್ಯಾಬ್ರಿಕೇಟರ್ ಒಬ್ಬರು ಖಚಿತವಾಗಿ ಹೇಳಿದ್ದರಿಂದ, ಕೊನೆಗೆ ಚಕ್ರವಿರುವ ಗ್ಯಾಂಟ್ರಿಯನ್ನು (ಕಾಲುಗಳ ಮೇಲೆ ನಿಲ್ಲುವ ಎತ್ತುವ ಚೌಕಟ್ಟು) ತರಿಸಿ, ಅದಕ್ಕೆ ಅರ್ಧ ಟನ್ ಎತ್ತಬಲ್ಲ ಚೈನ್ ಪುಲ್ಲಿ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ), ಅದರ ಕೆಳಗೆ ಅಡ್ಡ ತೊಲೆ, ತೊಲೆಯ ತುದಿಗಳಿಗೆ ಶೀಟನ್ನು ಮಲಗಿಸಿದಂತೆಯೇ ಹಿಡಿದು ಎತ್ತುವ ಎರಡು ಜೋಡಿ ಪ್ಲೇಟ್ ಕ್ಲ್ಯಾಂಪುಗಳನ್ನು ಅಳವಡಿಸಿದೆವು. ಮೊದಲ ದಿನವೇ ಶೀಟು ತೂಗಾಡಿ ಟೇಬಲ್ಲಿನಲ್ಲಿ ಶೀಟನ್ನು ಹೊರುವ ಎರಡು ಪಟ್ಟಿಗಳನ್ನು ಬಾಗಿಸಿತು. ಅದನ್ನು ಕೈಯಿಂದ ತಡೆಯಲು ನಾನು ಮುಂದಾದಾಗ, ವಿಜಯಪುರದ ಕಡೆಯ ನಮ್ಮ ಹಿರಿಯ ಫಿಟ್ಟರ್, "ಸಾವಕಾರ್ರ, ಶೀಟ್ ಮುಟ್ಟಬ್ಯಾಡ್ರಿ, ಹಗ್ಗ ಕಟ್ರಿ" ಎಂದು ಗದರಿದರು. ಈಗ ಎದುರುಬದುರಿನ ಎರಡು ಮೂಲೆಯ ಕ್ಲ್ಯಾಂಪುಗಳಿಗೆ ಹಗ್ಗ ಕಟ್ಟಿ, ದೂರ ನಿಂತೇ ಶೀಟನ್ನು ತಿರುಗಿಸುತ್ತೇವೆ.

3 ಮಿ.ಮೀ. ಶೀಟನ್ನು ಮಾತ್ರ ಇಂದಿಗೂ ದಪ್ಪ ಚರ್ಮದ ಗ್ಲೌಸ್ ತೊಟ್ಟು ಇಬ್ಬರು ಕೈಯಿಂದಲೇ ಏರಿಸುತ್ತಾರೆ.